ಮನೆಯವರ ನಂಬರ್

ಆ ಹೆಂಗಸು ಮನೆ ಬಿಟ್ಟು ಹೊರಟ ಸುದ್ದಿಯನ್ನು ಅವಳ ಗಂಡನಿಗೆ ಹೇಳಿದವಳು ನಾನು. ಬೇರೆ ಯಾರೂ ಅಲ್ಲ. ಯಾವ ಬಸ್ಸು, ಎಷ್ಟು ಹೊತ್ತಿಗೆ ಹೊರಡುತ್ತದೆ, ಜೊತೆಗೆ ಮಗಳಿದ್ದಾಳೆ ಎಂಬುದನ್ನೆಲ್ಲ ನಾನೇ ನನ್ನ ಬಾಯಾರೆ ಹೇಳಿದೆ. ಹೆಂಗಸರನ್ನು ಹೊಡೆತದಿಂದ ತಪ್ಪಿಸಲೆಂದು ಇಟ್ಟಿರುವ ಸಹಾಯವಾಣಿಯ ಕುರ್ಚಿಯಲ್ಲಿ ಕೂತುಕೊಂಡು ಹೇಳಿದೆ. ಈಗ ನೆನೆಸಿಕೊಂಡರೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ. ಉರಿಯಲಿ. ಅದು ಆರುವುದು ನನಗೆ ಬೇಕಾಗಿಯೂ ಇಲ್ಲ.

ನನ್ನ ಕಸುಬು ಟೈಪಿಂಗು. ಶಿಕಾರಿಪುರದಲ್ಲಿ ತಾಲ್ಲೂಕು ಕಚೇರಿಯ ಹತ್ತಿರ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಇಪ್ಪತ್ತೈದು ವರ್ಷದಿಂದ ಊರಿನ ಅರ್ಜಿಗಳೆಲ್ಲ ನನ್ನ ಬೆರಳಿನ ಕೆಳಗೆ ಹಾದುಹೋಗಿವೆ. ಪಹಣಿ ತಿದ್ದುಪಡಿ, ಖಾತೆ ಬದಲಾವಣೆ, ಹದ್ದುಬಸ್ತು, ತಕರಾರು. ಗದ್ದೆಯ ಬದು ಒಂದು ಗೇಣು ಆಚೆ ಸರಿದಿದೆಯೆಂದು ನಾಲ್ಕು ಪುಟ ಬರೆಸುವ ಗಂಡಸರನ್ನು ನಾನು ಕಂಡಿದ್ದೇನೆ. ಅದೇ ಗಂಡಸರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಯಾರದೋ ಮನೆಯಲ್ಲಿ ಹೆಂಗಸಿನ ಕೈ ಮುರಿದ ಸುದ್ದಿ ಬಂದರೆ, "ಅದು ಅವ್ರ ಮನೆ ವಿಷ್ಯ ಬಿಡ್ರಿ" ಅನ್ನುತ್ತಿದ್ದರು. ಬದುವಿಗೆ ಸರ್ವೆಯವರು ಬೇಕು, ಅಳತೆ ಬೇಕು, ಅಕ್ಕಪಕ್ಕದವರ ಸಾಕ್ಷಿ ಬೇಕು. ಕೈಗೆ ಏನೂ ಬೇಡ.

ನಮ್ಮೂರಿನ ವಕೀಲೆಯೊಬ್ಬರು ಸಹಾಯವಾಣಿ ಶುರುಮಾಡಿದಾಗ ನನ್ನನ್ನು ಕರೆದದ್ದು ಅದಕ್ಕೇ ಇರಬೇಕು. ಬೆಂಚಿನ ಮೇಲಿನ ಗಂಡಸರ ಜೊತೆ ನಾನು ಜಗಳವಾಡುವುದನ್ನು ಅವರು ಎಷ್ಟೋ ಸಲ ಕೇಳಿದ್ದರು. "ನಿಮ್ಗೆ ಬಾಯಿ ಇದೆ. ಆ ಬಾಯಿ ಮುಚ್ಕೊಂಡು ಕೇಳಕ್ಕೆ ಆಗುತ್ತಾ ನೋಡಿ" ಅಂದರು. ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ, ಒಂದು ಫೋನು, ಒಂದು ಮೇಜು, ಬಂದವರು ಮಲಗಲೆಂದು ಒಂದು ಚಾಪೆ. ಕೆಳಗಿನಿಂದ ಕೀಟನಾಶಕದ ವಾಸನೆ ಬರುತ್ತಿತ್ತು. ಶಿಕಾರಿಪುರದ್ದಷ್ಟೇ ಅಲ್ಲ, ಸೊರಬ ತಾಲ್ಲೂಕಿನ ಹಳ್ಳಿಗಳ ಫೋನುಗಳೂ ಅಲ್ಲಿಗೇ ಬರುತ್ತಿದ್ದವು. ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಅಂಗಡಿಯನ್ನು ನಮ್ಮ ಯಜಮಾನರಿಗೆ ಒಪ್ಪಿಸಿ ನಾನು ಅಲ್ಲಿ ಕೂರುತ್ತಿದ್ದೆ.

ಫೋನು ಬಂದಾಗ ಕೇಳಿ ಬರೆದುಕೊಳ್ಳಲು ಒಂದು ನಮೂನೆ ಬೇಕಾಗಿತ್ತು. ಟೈಪ್ ಮಾಡಿದವಳು ನಾನೇ. ಹೆಸರು, ಊರು, ವಯಸ್ಸು, ಮಕ್ಕಳು, ಏನಾಯಿತು, ಈಗ ಎಲ್ಲಿದ್ದಾರೆ. ಏಳನೇ ಕಾಲಮಿನಲ್ಲಿ "ಮನೆಯವರ ಫೋನ್ ನಂಬರ್" ಎಂದು ಹಾಕಿದೆ. ನನ್ನ ಮನಸ್ಸಿನಲ್ಲಿದ್ದದ್ದು ತವರು ಮನೆಯವರು. ಅಪ್ಪ, ಅಮ್ಮ, ಅಣ್ಣ, ತಮ್ಮ, ಯಾರಾದರೂ ಬಂದು ಕರೆದುಕೊಂಡು ಹೋಗುವವರು. ವಕೀಲೆಯೂ ಓದಿ ಸರಿ ಅಂದರು. ಇಬ್ಬರೂ ಮದುವೆಯಾದವರು, ಇಬ್ಬರೂ ಇದೇ ನೆಲದವರು. ಇಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಕಡೆ ಮದುವೆಯಾದ ಹೆಂಗಸು "ನಮ್ಮನೆಯವ್ರು" ಅಂದರೆ ಅದು ಮನೆಯ ಜನ ಅಲ್ಲ. ಗಂಡ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅನ್ನುವುದು ಅಜ್ಜಿಯರ ಕಾಲಕ್ಕೇ ಮುಗಿದಿದೆ ಅಂದುಕೊಂಡರೆ ತಪ್ಪು. ಮೊಬೈಲಿನಲ್ಲಿ ದಿನವಿಡೀ ರೀಲ್ಸ್ ನೋಡುವ ಹುಡುಗಿಯರೂ ನಾಲ್ಕು ಜನರೆದುರು ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿರುವ ಮಗುವಿನ ಕಡೆ ನೋಡುತ್ತಾರೆ. ಮಗು ಹೇಳಬೇಕು. ಅವರದ್ದೇನಿದ್ದರೂ "ಅವ್ರು", ಇಲ್ಲವೇ "ನಮ್ಮನೆಯವ್ರು". ಹೊಡೆದವನಿಗೂ ಬಹುವಚನ. "ನಮ್ಮನೆಯವ್ರು ಕುತ್ತಿಗೆ ಹಿಸುಕಿದ್ರು ಅಕ್ಕ" ಎಂದು ಒಬ್ಬಳು ಫೋನಿನಲ್ಲಿ ಹೇಳಿದಾಗ, ಆ ಮಾತಿನ ಕೊನೆಯ ಮರ್ಯಾದೆ ಕೇಳಿ ನನಗೆ ಫೋನನ್ನು ಗೋಡೆಗೆ ಎಸೆಯಬೇಕು ಅನಿಸಿತ್ತು. ಅಷ್ಟೆಲ್ಲ ಕೇಳಿಯೂ ಏಳನೇ ಕಾಲಂ ಹಾಗೇ ಉಳಿಯಿತು. ನಮ್ಮ ಯಜಮಾನರನ್ನು ನಾನೂ ಅದೇ ಮಾತಿನಿಂದ ಕರೆದವಳು. ಅವರು ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ. ಹಾಗಾಗಿ ಆ ಮಾತು ನನ್ನ ಕಿವಿಗೆ ಚುಚ್ಚಲಿಲ್ಲವೇನೋ.

ಅವಳ ಫೋನು ಬಂದದ್ದು ಒಂದು ಸೋಮವಾರ. ಸೊರಬ ತಾಲ್ಲೂಕಿನ ಉಳವಿಯಿಂದ ಇನ್ನೂ ಸ್ವಲ್ಪ ಒಳಗಿನ ಹಳ್ಳಿ. ಅವಳ ಮೊಬೈಲನ್ನು ಗಂಡ ಕಿತ್ತುಕೊಂಡು ಎರಡು ತಿಂಗಳಾಗಿತ್ತು. ಊರಿನ ಆಶಾ ಕಾರ್ಯಕರ್ತೆ ಜ್ವರದ ಸಮೀಕ್ಷೆಯ ನೆಪದಲ್ಲಿ ಮನೆಗೆ ಬಂದು, ಹಿತ್ತಲಲ್ಲಿ ನಿಂತು, ತನ್ನ ಫೋನು ಕೊಟ್ಟಿದ್ದಳು. ಹುಡುಗಿಯ ದನಿ ತಗ್ಗಿತ್ತು, ಆದರೆ ಅಳುತ್ತಿರಲಿಲ್ಲ. ಬಾಗಿಲ ಸಂದಿನಲ್ಲಿ ಅವಳ ಕೈ ಇಟ್ಟು ಬಾಗಿಲು ಹಾಕಿದ್ದನಂತೆ. ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಅದು ಮೊದಲ ಸಲವಲ್ಲ. ಎರಡು ವರ್ಷದ ಹಿಂದೆ ಹಿರಿಯರು ಕೂತು ಮಾತಾಡಿ, ಅವನನ್ನು ಚಂದ್ರಗುತ್ತಿಗೆ ಕರೆದುಕೊಂಡು ಹೋಗಿ, ಅಮ್ಮನವರ ಎದುರು ಇನ್ನು ಹೊಡೆಯುವುದಿಲ್ಲ ಎಂದು ಆಣೆ ಮಾಡಿಸಿದ್ದರು. ಗುಡ್ಡ ಇಳಿದು ಮನೆಗೆ ಬಂದ ದಿನವೇ, ಜನರೆದುರು ತನ್ನ ಮಾನ ಕಳೆದೆಯೆಂದು ಹೊಡೆದಿದ್ದ.

"ಈಗ ನಿಮ್ಗೆ ಏನು ಮಾಡ್ಬೇಕು ಅನ್ಸುತ್ತೆ, ಹೇಳ್ರಿ" ಅಂದೆ.

"ಹೋಗ್ಬೇಕು ಅಕ್ಕ. ಮಗಳನ್ನ ಕರ್ಕೊಂಡು ಹೋಗ್ಬೇಕು. ಈಗ ಅವ್ಳ ಮೇಲೂ ಕಣ್ಣು ಕೆಂಪು ಮಾಡ್ತಾರೆ. ಗುರುವಾರ ಅವ್ರು ಶುಂಠಿ ಲಾರಿ ಜೊತೆ ಹೋಗ್ತಾರೆ. ಆವತ್ತು ಬಿಟ್ರೆ ನಂಗೆ ಇನ್ನು ಆಗಲ್ಲ."

ಹೊಸಬಾಳೆಯಲ್ಲಿ ಅವಳ ತವರು. ಗುರುವಾರ ಹತ್ತು ಗಂಟೆಯ ಬಸ್ಸು ಹತ್ತಿ ಸೊರಬಕ್ಕೆ ಬರುವುದು, ಅಲ್ಲಿಂದ ತವರಿಗೆ ಹೋಗುವುದು, ಆಮೇಲೆ ರಕ್ಷಣೆಗೆ ಅರ್ಜಿ ಹಾಕುವುದು ಎಂದು ಇಬ್ಬರೂ ಮಾತಾಡಿಕೊಂಡೆವು. ಮಗುವಿನ ಆಧಾರ್ ಕಾರ್ಡನ್ನು ಬ್ಲೌಸಿನೊಳಗೆ ಇಟ್ಟುಕೊಳ್ಳಲು ಹೇಳಿದೆ. ಕೊನೆಗೆ ಏಳನೇ ಕಾಲಮಿಗೆ ಬಂದೆ.

"ನಿಮ್ಮನೆಯವ್ರ ನಂಬರ್ ಹೇಳ್ರಿ."

"ಅದೂ ಬೇಕಾ ಅಕ್ಕ?"

"ಬೇಕಲ್ಲ, ಅದಿಲ್ದೆ ಹೆಂಗೆ?"

ಅವಳು ಹತ್ತು ಅಂಕಿ ಹೇಳಿದಳು. "ಈಗ್ಲೇ ಮಾಡ್ಬೇಡಿ ಅಕ್ಕ" ಅಂದಳು. ಅಷ್ಟರಲ್ಲಿ "ಅತ್ತೆ ಬಂದ್ರು" ಎಂದು ಪಿಸುಗುಟ್ಟಿ ಫೋನಿಟ್ಟಳು. ಸರ್ಕಾರದ ಕಾಗದವಿರಬೇಕು, ಗಂಡನ ನಂಬರಿಲ್ಲದೆ ಯಾವ ಕಾಗದವೂ ಮುಂದೆ ಹೋಗುವುದಿಲ್ಲವೇನೋ ಎಂದು ಅವಳು ಅಂದುಕೊಂಡಿದ್ದಳು. ತವರಿನ ತಾಯಿಗೆ, ಪಾಪ, ಮೂರು ದಿನ ಮೊದಲೇ ಗಾಬರಿ ಯಾಕೆ ಎಂದು ಹೇಳುತ್ತಿದ್ದಾಳೆ ಅಂತ ನಾನು ಅಂದುಕೊಂಡೆ. ಯಾರ ನಂಬರಮ್ಮ ಇದು, ನಿನಗೆ ಏನಾಗಬೇಕು ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕಚೇರಿಗೆ ಹೋಗುವ ಅರ್ಜಿಯಲ್ಲಿ ಒಂದು ಅಕ್ಷರ ತಪ್ಪಿದರೆ ಹುಡುಕಿ ತಿದ್ದುವ ನನಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಆ ನಂಬರಿಗೆ ಫೋನು ಮಾಡಿದೆ. ಗಂಡಸಿನ ದನಿ. ಅಣ್ಣನಿರಬೇಕು ಅಂದುಕೊಂಡೆ. ಹುಡುಗಿಯ ಹೆಸರು ಹೇಳಿ, "ನೀವು ಅವ್ರ ಮನೆಯವ್ರಾ?" ಎಂದು ಕೇಳಿದೆ.

"ಹೌದ್ರೀ, ಮನೆಯವ್ರೇ ಮಾತಾಡೋದು. ಹೇಳ್ರೀ ಮೇಡಂ."

ಸುಳ್ಳು ಹೇಳಲಿಲ್ಲ ಅವನು. ಸುಳ್ಳು ಹೇಳುವ ಅಗತ್ಯವೂ ಅವನಿಗೆ ಬೀಳಲಿಲ್ಲ.

"ಅವ್ರು ಇವತ್ತು ಹತ್ತು ಗಂಟೆ ಬಸ್ಸಿಗೆ ಹೊರಡ್ತಾರೆ, ಮಗೂನ ಕರ್ಕೊಂಡು. ಸೊರಬ ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಇರ್ರಿ. ಒಬ್ರೇ ಬಿಡ್ಬೇಡ್ರಿ, ತುಂಬಾ ಹೆದ್ರಿದ್ದಾರೆ" ಅಂದೆ.

ಹಿಂದೆ ಲಾರಿಯ ಸದ್ದು ಕೇಳಿಸುತ್ತಿತ್ತು. ಅದು ಕೂಡ ನನ್ನ ತಲೆಗೆ ಹೋಗಲಿಲ್ಲ.

"ಆಯ್ತು ಮೇಡಂ. ನಾನು ಸೊರಬದಲ್ಲೇ ಇದ್ದೀನಿ. ನಾನೇ ಹೋಗಿ ಕರ್ಕೊಂಡು ಹೋಗ್ತೀನಿ. ನೀವು ಫೋನ್ ಮಾಡಿ ಹೇಳಿದ್ದು ಒಳ್ಳೇದಾಯ್ತು, ದೊಡ್ಡ ಉಪಕಾರ ಆಯ್ತು ರೀ."

ಎಂಥ ಮರ್ಯಾದಸ್ಥರು ಈ ಜನ ಎಂದು ನನಗೆ ಸಮಾಧಾನವಾಯಿತು. ನಮೂನೆಯ ಕೆಳಗೆ "ತವರಿಗೆ ತಿಳಿಸಲಾಗಿದೆ" ಎಂದು ಬರೆದು, ಚಹಾ ತರಿಸಿಕೊಂಡು ಕುಡಿದೆ. ಆ ಚಹಾವನ್ನೂ ನಾನು ಮರೆಯುವುದಿಲ್ಲ.

ಹತ್ತು ದಾಟಿ ಸ್ವಲ್ಪ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅವಳೇ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಯ ಫೋನು ಕೇಳಿ ತೆಗೆದುಕೊಂಡಿದ್ದಳು. ಮೊದಲ ಸಲ ಅವಳ ದನಿ ಹಗುರವಾಗಿತ್ತು.

"ಬಸ್ ಹತ್ತಿದೀನಿ ಅಕ್ಕ. ಮಗಳಿಗೆ ಕಿಟಕಿ ಸೀಟು ಸಿಕ್ತು. ನಮ್ಮವ್ವ ಬಸ್ ಸ್ಟ್ಯಾಂಡಿಗೆ ಬರ್ತಾಳೆ. ನಿನ್ನೆ ಆಶಾ ಅಕ್ಕನೇ ಹೇಳಿ ಕಳ್ಸಿದ್ಲು."

"ನಾನೂ ಹೇಳಿದೀನ್ರಿ. ನಿಮ್ಮಣ್ಣ ಬರ್ತಾರೆ, ಈಗಷ್ಟೇ ಮಾತಾಡಿದೆ."

"ನಂಗೆ ಅಣ್ಣ ಇಲ್ಲ ಅಕ್ಕ."

ನಮೂನೆ ಎದುರಿಗೇ ಇತ್ತು. ನಂಬರು ಓದಿದೆ. ಇದು ಯಾರದ್ದು ಎಂದು ಕೇಳಿದೆ. ಸೋಮವಾರ ಕೇಳಬೇಕಾದ್ದನ್ನು ಗುರುವಾರ ಕೇಳಿದೆ.

"ನಮ್ಮನೆಯವ್ರದ್ದು" ಅಂದಳು ಅವಳು. ಆಮೇಲೆ ಅವಳಿಗೂ ತಿಳಿಯಿತು. ಕೂಗಲಿಲ್ಲ, ಬೈಯಲಿಲ್ಲ. "ಅಯ್ಯೋ ಅಕ್ಕ" ಅಂದಳು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಕಂಡಕ್ಟರ್ ಕೈಗೆ ಫೋನು ಕೊಡು ಅಂದೆ. ಈ ಹೆಂಗಸನ್ನು ಸೊರಬಕ್ಕೆ ಮೊದಲೇ ಎಲ್ಲಾದರೂ ಜನ ಇರುವ ಕಡೆ ಇಳಿಸಿ ಎಂದು ಹೇಳಿದೆ. ಅವನು, "ಇದೇನ್ ಮಾರಾಯ್ರೆ, ಗಂಡ ಹೆಂಡ್ತಿ ಜಗಳನ ಬಸ್ಸಿಗೆ ತರ್ತೀರಲ್ಲ" ಅಂದ. ಆಗ ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಕೆಳಗೆ ಗೊಬ್ಬರದಂಗಡಿಯಲ್ಲಿ ವ್ಯಾಪಾರಕ್ಕೆ ಬಂದವರೆಲ್ಲ ತಲೆ ಎತ್ತಿ ಮೇಲೆ ನೋಡಿದರಂತೆ. ಸೀಟಿ ಊದಿದ್ದು ಫೋನಿನಲ್ಲಿ ಕೇಳಿಸಿತು. ಗೊಣಗಿಕೊಂಡೇ ಅವನು ರಸ್ತೆ ಬದಿಯ ಒಂದು ಶಾಲೆಯ ಮುಂದೆ ಬಸ್ಸು ನಿಲ್ಲಿಸಿದ. ಕಾಲೇಜು ಹುಡುಗಿಯೂ ತನ್ನ ಕ್ಲಾಸು ಬಿಟ್ಟು ಅವಳ ಜೊತೆಗೇ ಇಳಿದಳು. ಬಿಸಿಯೂಟದ ಅಡುಗೆಯವರು ತಾಯಿ ಮಗಳನ್ನು ಅಕ್ಕಿ ಚೀಲ ಇಡುವ ಕೋಣೆಯಲ್ಲಿ ಕೂರಿಸಿ, ಬಾಗಿಲ ಬಳಿ ಸೌಟು ಹಿಡಿದು ನಿಂತರು. ಆ ದಿನ ನಾನು ನಂಬಿದ್ದಕ್ಕೆ ಮೋಸವಾಗದ ಜನ ಅಂದರೆ ಇವರೇ.

ಆದರೆ ಅವಳ ಅವ್ವ ಬಸ್ ಸ್ಟ್ಯಾಂಡಿನಲ್ಲಿದ್ದಳು. ಅವಳ ಹತ್ತಿರ ಫೋನಿರಲಿಲ್ಲ. ವಕೀಲೆ ಆ ದಿನ ಸೊರಬದ ಕೋರ್ಟಿನಲ್ಲೇ ಇದ್ದರು, ಫೋನು ಆಫ್ ಆಗಿತ್ತು. ಪೊಲೀಸರ ತುರ್ತು ನಂಬರಿಗೆ ಹೇಳಿದೆ. ಅವರು ಬಂದರು, ಬೇಗನೇ ಬಂದರು. ಅಷ್ಟರೊಳಗೆ ಆಗುವುದು ಆಗಿತ್ತು. ಅವನು ಕಾದು ನಿಂತಿದ್ದ ಬಸ್ಸಿನಿಂದ ಹೆಂಡತಿ ಇಳಿಯಲಿಲ್ಲ. ಕಂಬದ ಹತ್ತಿರ, ಮೊಮ್ಮಗಳಿಗೆಂದು ಮಂಡಕ್ಕಿಯ ಪೊಟ್ಟಣ ಹಿಡಿದು ನಿಂತ ಅತ್ತೆ ಕಂಡಳು. ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಕೇಳಿದ. ಗೊತ್ತಿಲ್ಲ ಅಂದಳು, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನು ಅವಳ ಕೈ ಹಿಡಿದು ತಿರುಚಿದ.

ಅಷ್ಟೊಂದು ಜನ ಇದ್ದರು ಅಲ್ಲಿ. ಹೂ ಮಾರುವವರು, ಬಸ್ಸು ಕಾಯುವವರು, ಚಹಾ ಲೋಟ ಹಿಡಿದ ಗಂಡಸರು. ಮುದುಕಿಯ ಕೂಗು ಕೇಳಿದವರಿಗೆ, "ನಮ್ಮನೆ ವಿಷ್ಯ ರೀ ಇದು" ಎಂದು ಅವನು ಅಂದನಂತೆ. ಅಷ್ಟೇ ಸಾಕಾಯಿತು. ಎದ್ದವರೂ ಕೂತರು. ನಮ್ಮ ಕಡೆ ಆ ಮಾತು ಹೇಳಿದರೆ ಬೀದಿಯ ನಡುವೆಯೂ ನಾಲ್ಕು ಗೋಡೆ ಎದ್ದು ಬಿಡುತ್ತವೆ. ಕೊನೆಗೆ ಬಿಡಿಸಿದ್ದು ಹೂ ಮಾರುವ ಒಬ್ಬ ಹೆಂಗಸು. ಹೂವಿನ ಬುಟ್ಟಿಯನ್ನೇ ಅವನ ಮುಖಕ್ಕೆ ಎತ್ತಿ ಹಾಕಿದಳಂತೆ.

ನಾನು ಶಿರಾಳಕೊಪ್ಪದ ಮೇಲಿಂದ ಸೊರಬ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಕೋರ್ಟಿನಿಂದ ಹೊರಬಂದು ನನ್ನ ಸಂದೇಶ ನೋಡಿ ಮೊದಲು ಶಾಲೆಗೆ ಹೋಗಿದ್ದ ವಕೀಲೆ ತಾಯಿ ಮಗಳನ್ನು ಆಸ್ಪತ್ರೆಗೆ ಕರೆತಂದಿದ್ದರು. ಮುದುಕಿಯ ಮಣಿಕಟ್ಟು ಮುರಿದಿತ್ತು. ಮುದುಕಿಗೂ ಅವಳ ಮಗಳಿಗೂ ಪೆಟ್ಟಾದದ್ದು ಬಲಗೈಗೇ. ಮಗಳು ಮಡಚಲಾಗದ ಬೆರಳುಗಳಲ್ಲಿ ಅವ್ವನಿಗೆ ನೀರು ಕುಡಿಸುತ್ತಿದ್ದಳು. ನಾನು ಯಾರೆಂದು ಹೇಳಿ, ತಪ್ಪು ನನ್ನದು ಎಂದೆ.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ದೊಡ್ಡೋರು, ಓದ್ದೋರು. ಕೇಳಿ ತಿಳ್ಕೊಂಡು ಮಾಡ್ಬೇಕಿತ್ತು" ಅಂದಳು. ನಮ್ಮ ಯಜಮಾನರು ಸಂಜೆ, "ಬೇಕು ಅಂತ ಮಾಡಿದ್ದಲ್ಲ ಬಿಡು" ಅಂದಾಗ ನಾನು ತಟ್ಟೆ ದೂಡಿ ಎದ್ದೆ. ಬೇಕೆಂದು ಮಾಡಿದ್ದಲ್ಲ ಅನ್ನುವ ಮಾತನ್ನು ಹೊಡೆಯುವ ಗಂಡಸರ ಬಾಯಲ್ಲಿ ಕೇಳಿ ಕೇಳಿ ನನಗೆ ಅಸಹ್ಯ ಬಂದಿತ್ತು. ನನಗಾಗಿ ಅದೇ ಮಾತನ್ನು ಎತ್ತಿಕೊಳ್ಳಲು ನಾನು ತಯಾರಿರಲಿಲ್ಲ.

ಮೂರನೇ ದಿನ ಗಂಡನ ಕಡೆಯ ಹಿರಿಯರು ಹೊಸಬಾಳೆಗೆ ಬಂದರು. ಅದೇ ಚಂದ್ರಗುತ್ತಿಗೆ ಕರೆದುಕೊಂಡು ಹೋದ ಹಿರಿಯರು. ವಕೀಲೆ ಮತ್ತು ನಾನು ಅಲ್ಲೇ ಇದ್ದೆವು. ಅವರಲ್ಲಿ ಹಿರೀಕರಾದವರು ಶಾಲು ಸರಿಮಾಡಿಕೊಂಡು ಹೇಳಿದರು: "ತಪ್ಪಾಗಿದೆ, ನಾವು ಇಲ್ಲ ಅನ್ನಲ್ಲ. ಅತ್ತೆ ಮೇಲೆ ಕೈ ಮಾಡಿದ್ದು ದೊಡ್ಡ ತಪ್ಪು. ಹಿರಿಯ ಹೆಂಗ್ಸು, ಅದೂ ಬೀದೀಲಿ. ನಮ್ಗೇ ತಲೆ ಎತ್ತಕ್ಕಾಗ್ತಿಲ್ಲ. ಅವ್ನು ಬಂದು ಅತ್ತೆ ಕಾಲಿಗೆ ಬೀಳ್ತಾನೆ. ಹುಡುಗೀನ ಕಳ್ಸಿ ಕೊಡಿ."

ನನ್ನ ಬಾಯಿಗೆ ಬಂದದ್ದು ಬಹಳ. ವಕೀಲೆ ನನ್ನ ಮೊಣಕೈ ಒತ್ತಿ ಹಿಡಿದರು. ಮಾತಾಡಿದ್ದು ಕೊರಳಿಗೆ ಕೈ ಕಟ್ಟಿಕೊಂಡು ಗೋಡೆಗೊರಗಿ ಕೂತ ಮುದುಕಿ.

"ನನ್ನ ಕೈ ಒಂದು ಸಲ ಮುರಿದಿದ್ದಕ್ಕೆ ನೀವು ಎಂಟು ಜನ ಬಂದೀರಿ. ಇವ್ಳಿಗೆ ಏಳು ವರ್ಷ ಹೊಡೆದ. ಆವಾಗ ನಿಮ್ಮ ತಲೆ ನೆಟ್ಟಗೇ ಇತ್ತಾ?"

ಒಬ್ಬ ಎದ್ದು ಹೊರಗೆ ಹೋಗಿ ಉಗುಳಿ ಬಂದ. ಅವರಿಗೆ ನಾಚಿಕೆಯಾಯಿತು ಎಂದು ಬರೆಯಲು ನನಗೆ ಆಸೆ. ಆಗಲಿಲ್ಲ. ಹೋಗುವಾಗ, "ಹೆಂಗಸ್ರು ಸೇರಿ ಸಂಸಾರ ಒಡೆದ್ರಿ" ಎಂದು ನಮ್ಮಿಬ್ಬರಿಗೂ ಹೇಳಿಯೇ ಹೋದರು. ಹೌದ್ರಿ, ಒಡೆದೆವು, ಇನ್ನೂ ಮೊದಲೇ ಒಡೆಯಬೇಕಿತ್ತು ಎಂದು ನಾನು ಅಂಗಳದವರೆಗೂ ಹೋಗಿ ಹೇಳಿದೆ. ಈ ಸಲ ವಕೀಲೆ ತಡೆಯಲಿಲ್ಲ.

ಮರುವಾರ ಅವಳು ಅರ್ಜಿ ಕೊಡಲು ಶಿಕಾರಿಪುರಕ್ಕೆ ಬಂದಳು, ಗೊಬ್ಬರದಂಗಡಿಯ ಮೇಲಿನ ಕೋಣೆಗೆ. ಮಗಳೂ ಜೊತೆಗಿದ್ದಳು. ಒಂದನೇ ಕ್ಲಾಸಿನ ಹುಡುಗಿ, ಎರಡು ಜಡೆ. ಅಷ್ಟರಲ್ಲಿ ನಾನು ಹಳೆಯ ನಮೂನೆಗಳನ್ನೆಲ್ಲ ಹರಿದು ಹಾಕಿ ಹೊಸದು ಟೈಪ್ ಮಾಡಿದ್ದೆ. ಏಳನೇ ಕಾಲಮಿನಲ್ಲಿ ಈಗ "ನಿಮ್ಮನ್ನು ಕರೆದುಕೊಂಡು ಹೋಗಲು ಯಾರು ಬರಬೇಕು? ಅವರು ನಿಮಗೆ ಏನಾಗಬೇಕು?" ಎಂದಿದೆ. ಉದ್ದವಾಯಿತು, ಜಾಗ ಸಾಲುವುದಿಲ್ಲ ಎಂದು ಯಾರೋ ಅಂದರು. ಸಾಲದಿದ್ದರೆ ಹಿಂದಿನ ಪುಟದಲ್ಲಿ ಬರೆದುಕೊಳ್ಳಲಿ.

ನಾನು ಅವಳ ಕ್ಷಮೆ ಕೇಳಿದೆ. "ಇರ್ಲಿ ಬಿಡಿ ಅಕ್ಕ" ಎಂದು ಅವಳು ಹೇಳುತ್ತಾಳೆಂದು ಒಳಗೊಳಗೇ ಕಾದಿದ್ದೆನೇನೋ. ಅವಳು ಹಾಗೆ ಹೇಳಲಿಲ್ಲ. ಅವ್ವನ ಕೈ ಇನ್ನೂ ನೋಯುತ್ತದೆ, ಸೆಗಣಿ ಬಾಚಲು ಆಗುವುದಿಲ್ಲ ಅಂದಳು. ಅದು ಸರಿಯಾದ ಉತ್ತರವೇ.

ಅಂಗಡಿಯಿಂದ ಕಂಪ್ಯೂಟರು, ಪ್ರಿಂಟರು ತರಿಸಿಟ್ಟುಕೊಂಡು ಅರ್ಜಿ ಟೈಪ್ ಮಾಡಲು ಕೂತೆ. ಅವಳ ಹೆಸರು, ಅವ್ವನ ಹೆಸರು, ಊರು. ಆಮೇಲೆ ಎದುರುದಾರನ ಹೆಸರು, ಅಂದರೆ ಯಾರ ಮೇಲೆ ಅರ್ಜಿಯೋ ಅವನದ್ದು. ಕೇಳಿ ಸುಮ್ಮನೆ ಕಾದೆ. ಅವಳು ನೆಲ ನೋಡಿದಳು. ಎಲ್ಲ ಹೆಂಗಸರೂ ಹಾಗೆಯೇ. ಅಭ್ಯಾಸದಿಂದ ನಾನು ಮಗುವಿನ ಕಡೆ ತಿರುಗಿ, "ನಿಮ್ಮಪ್ಪನ ಹೆಸ್ರೇನು ಪುಟ್ಟಿ?" ಎಂದೆ. ಮಗು ಬಾಯಿ ತೆರೆಯಿತು. ಅವಳು ತಟ್ಟನೆ ಅದರ ಬಾಯಿ ಮೇಲೆ ಕೈ ಇಟ್ಟಳು.

"ನೀ ಹೇಳ್ಬೇಡ. ನಾ ಹೇಳ್ತೀನಿ."

ಹೇಳಿದಳು. ಅವನ ಹೆಸರು, ಅವನಪ್ಪನ ಹೆಸರು, ಮನೆತನದ ಹೆಸರು, ಒಂದೊಂದನ್ನೂ ಬಿಡಿಸಿ. ಏಳು ವರ್ಷ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. "ಅವ್ನು" ಅಂದಳು ಆಮೇಲೆ. "ಅವ್ನು ನನ್ನ ಬೆರಳು ಮುರಿದ. ಅವ್ನು ನಮ್ಮವ್ವನ ಕೈ ಮುರಿದ. ಹಂಗೇ ಹಾಕಿ." ನಾನು ಹಾಗೇ ಟೈಪ್ ಮಾಡಿದೆ. ಮಗು ಅಮ್ಮನ ಮುಖವನ್ನೇ ನೋಡುತ್ತಿತ್ತು.

ಪ್ರಿಂಟು ತೆಗೆದು ಸಹಿಗೆಂದು ಅವಳ ಮುಂದಿಟ್ಟೆ. ಅವಳು ಪೆನ್ನು ಮುಟ್ಟಲಿಲ್ಲ. ಕಾಗದವನ್ನು ನನ್ನ ಕಡೆಗೇ ತಿರುಗಿಸಿ ದೂಡಿದಳು.

"ಓದಿ ಹೇಳಿ ಅಕ್ಕ. ಅವ್ನ ಹೆಸ್ರು, ಅವ್ನ ನಂಬರ್ರು, ಎಲ್ಲಾ. ಈ ಸಲ ತಪ್ಪಾಗ್ಬಾರ್ದು."

ನಾನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ, ಇನ್ನೊಂದು ಸಲ ಓದಿ ಅಂದಳು. ಇನ್ನೊಂದು ಸಲ ಓದಿದೆ.